ಒಂದೇ ಮನೆಗೆ ಎರಡು ಸೀಟು

ಮಿನೊರಿಗೆ ಕೋದಾಯ್‌ನಲ್ಲಿ ಸೀಟು ಸಿಕ್ಕ ದಿನ ಅವಳ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ.

ಶಾಲೆಯಿಂದ ಓಡಿಬಂದವಳು ಬಾಗಿಲಲ್ಲಿ ಶೂಗಳನ್ನು ಒಂದೊಂದು ದಿಕ್ಕಿಗೆ ಕಳಚಿ, ಫೋನು ಹಿಡಿದುಕೊಂಡು ನೇರ ಅಡುಗೆಮನೆಗೆ ನುಗ್ಗಿದಳು. ಅವಳ ತಾಯಿ ಮಸಾಯೊ ಬುರಿ ಮೀನಿನ ಜೊತೆ ಬೇಯಿಸಲು ಮೂಲಂಗಿ ಹೆಚ್ಚುತ್ತಿದ್ದಳು.

"ಅಮ್ಮಾ, ಆಯ್ತು! ಸೀಟು ಆಯ್ತು! ಮೆಕ್ಯಾನಿಕಲ್!"

ಮಸಾಯೊಗೆ ಎದೆಯುಬ್ಬಿ ಬಂದದ್ದು ನಿಜ. ಆದರೆ ಬಾಯಿಗೆ ಬಂದ ಮೊದಲ ಮಾತು ಬೇರೆಯೇ ಆಗಿತ್ತು. "ಶ್... ಮೆಲ್ಲಗೆ ಕಣೆ. ಅಣ್ಣ ಮೇಲಿದ್ದಾನೆ."

ಮಿನೊರಿಯ ಮುಖದ ಮೇಲಿನ ನಗು ಹಾಗೇ ನಿಂತಿತು. ಹೋಗಲೂ ಇಲ್ಲ, ಬೆಳೆಯಲೂ ಇಲ್ಲ.

ಗುಡ್ಡದಾಚೆಗಿನ ಆ ಖಾಸಗಿ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಉದ್ದನೆಯ ಹೆಸರೊಂದಿದೆ. ಊರಿನವರ ಬಾಯಲ್ಲಿ ಮಾತ್ರ ಅದು ಕೋದಾಯ್. ಈ ಕಡೆಯ ಅಲ್ಯೂಮಿನಿಯಂ ಕಿಟಕಿ ಕಾರ್ಖಾನೆಗಳಲ್ಲಿ ಮೇಜಿನ ಮುಂದೆ ಕೂತವರೆಲ್ಲ ಅಲ್ಲಿ ಕಲಿತವರೇ. ಮಿನೊರಿಯ ತಂದೆ ಶೋಜಿ ಮುರೊಯ್ ಕೂಡ ಅಲ್ಲಿಂದಲೇ ಬಂದವನು. ಮಗ ಕಜುಮನೂ ಅಲ್ಲಿಗೇ ಹೋಗಬೇಕು ಎಂಬುದು ಮಗ ಹುಟ್ಟಿದಾಗಲೇ ತೀರ್ಮಾನವಾದ ಮಾತು. ಕಜುಮ ಎರಡು ವರ್ಷ ಪರೀಕ್ಷೆ ಬರೆದ, ಎರಡು ವರ್ಷವೂ ಕೈತಪ್ಪಿತು. ಈಗ ಮೂರನೆಯ ಸಲಕ್ಕೆ ದಿನಾ ರೈಲು ಹತ್ತಿ ನಗರದ ಕೋಚಿಂಗಿಗೆ ಹೋಗಿ ಬಂದು, ಮೇಲಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರುತ್ತಿದ್ದ.

ಈ ವರ್ಷ ಕೋದಾಯ್‌ನವರು ಮೆಕ್ಯಾನಿಕಲ್ ವಿಭಾಗದಲ್ಲಿ ಹುಡುಗಿಯರಿಗೆಂದೇ ಕೆಲವು ಸೀಟು ತೆಗೆದಿರಿಸಿದ್ದರು. ಶಾಲೆಯ ಶಿಫಾರಸು, ಸಂದರ್ಶನ, ಕೈಯಿಂದ ಮಾಡಿದ ಒಂದು ಕೆಲಸ ಇವಿಷ್ಟನ್ನು ನೋಡಿ ಫೆಬ್ರವರಿಯ ಪರೀಕ್ಷೆಗೆ ಮೊದಲೇ ಆಯ್ಕೆ. ಮಿನೊರಿ ಕೇಳಿದಾಗ ಶೋಜಿ ಪೇಪರಿನಿಂದ ತಲೆ ಎತ್ತದೆ "ಹಾಕು, ಹಾಕೋದಕ್ಕೇನು" ಎಂದಿದ್ದ. ಸಿಗುತ್ತದೆ ಎಂದು ಅವನಿಗೆ ಅನ್ನಿಸಿರಲಿಲ್ಲ. ಕಜುಮನಿಗೆ ತಂಗಿ ಎಲ್ಲೋ ಅರ್ಜಿ ಹಾಕಿದ್ದಾಳೆ ಎಂದಷ್ಟೇ ಗೊತ್ತು. ಎಲ್ಲಿಗೆ ಎಂದು ಹೇಳಬೇಡ ಎಂದವಳು ಮಸಾಯೊ.

ಹೇಳದೆ ಇರುವುದು ಇನ್ನು ಸಾಧ್ಯವಿರಲಿಲ್ಲ. ಊಟಕ್ಕೆ ಕಂಬಳಿ ಹೊದಿಸಿದ ಬಿಸಿ ಮೇಜಿನ ಸುತ್ತ ಐದು ಜನ ಕೂತರು. ಶೋಜಿಯ ತಾಯಿ ತೊಮೆ ಯಾವಾಗಲೂ ಕೂರುವ, ಒಲೆಗೆ ಹತ್ತಿರದ ಬದಿಯಲ್ಲಿ. ಮಸಾಯೊ ಎಲ್ಲರ ಬಟ್ಟಲಿಗೂ ಮಿಸೊ ಸಾರು ಹಾಕಿ, ಗಂಟಲು ಸರಿಮಾಡಿಕೊಂಡು ಹೇಳಿದಳು.

"ಮಿನೊರಿಗೆ ಸೀಟು ಆಗಿದೆ. ಕೋದಾಯ್‌ನಲ್ಲಿ."

ಶೋಜಿ ಊಟದ ಕಡ್ಡಿ ಕೆಳಗಿಟ್ಟ. "ಹೌದಾ? ಅದೃಷ್ಟವಂತೆ ಕಣೆ ನೀನು."

"ಅದೃಷ್ಟ ಅಲ್ಲ ಅಪ್ಪ. ಸಂದರ್ಶನದಲ್ಲಿ ಮುಕ್ಕಾಲು ಗಂಟೆ ಕೂರಿಸಿದ್ರು."

"ಸರಿ ಸರಿ. ಒಳ್ಳೇದಾಯ್ತು."

ಕಜುಮ ಮೀನಿನ ಮುಳ್ಳು ಬಿಡಿಸುತ್ತಲೇ ಕೇಳಿದ. "ಯಾವ ವಿಭಾಗ?"

"ಮೆಕ್ಯಾನಿಕಲ್."

"ಓಹೋ. ಹುಡುಗೀರ ಬಾಗಿಲಿಂದ."

"ಬಾಗಿಲು ಬಾಗಿಲೇ ಅಣ್ಣ. ಒಳಗೆ ಹೋಗೋಕೆ ಇರೋದು."

"ಲಂಗ ಹಾಕ್ಕೊಂಡು ಹೋದ್ರೆ ತೆಗೀತಾರೆ. ನಮ್ಮಂಥವರು ಮೂರು ವರ್ಷ ತಟ್ಟಿದ್ರೂ ತೆಗೆಯಲ್ಲ."

"ನೀನೂ ಹಾಕ್ಕೊಂಡು ಹೋಗ್ಬೇಕಿತ್ತು. ನನ್ನ ಹಳೇ ಲಂಗ ಕೊಡ್ತಿದ್ದೆ."

"ಮಿನೊರಿ!" ಎಂದಳು ಮಸಾಯೊ. ಕಜುಮನನ್ನು ಬಿಟ್ಟು ತನ್ನನ್ನೇ ಗದರಿದ್ದನ್ನು ಮಗಳು ಗಮನಿಸಿದಳು. ಗಮನಿಸಿದ್ದನ್ನು ತಾಯಿಯೂ ಗಮನಿಸಿದಳು.

ಕಜುಮ ಎದ್ದು ಮೇಲೆ ಹೋದ. ಅವನ ಬಟ್ಟಲಿನಲ್ಲಿ ಮೂಲಂಗಿ ಹಾಗೇ ಉಳಿಯಿತು. ತೊಮೆ ಅಜ್ಜಿ ಅದನ್ನು ತನ್ನ ಬಟ್ಟಲಿಗೆ ಎತ್ತಿಕೊಳ್ಳುತ್ತ, "ತಂಗಿ ಒಳಗೆ, ಅಣ್ಣ ಹೊರಗೆ. ಬೀದೀಲಿ ಯಾರಾದ್ರೂ ಕೇಳಿದ್ರೆ ಏನು ಹೇಳ್ಲಿ ನಾನು?" ಎಂದಳು.

"ಮೊಮ್ಮಗಳಿಗೆ ಸೀಟು ಸಿಕ್ಕಿದೆ ಅಂತ ಹೇಳು ಅಜ್ಜಿ," ಎಂದಳು ಮಿನೊರಿ. "ಬಾಯಿ ನೋಯಲ್ಲ."

ಮಾರನೆಯ ಬೆಳಿಗ್ಗೆ ಮಸಾಯೊ, ಶುಭದ ದಿನ ಮಾಡುವ ಕೆಂಪುಕಾಳಿನ ಅನ್ನಕ್ಕೆಂದು ಕಾಳು ನೆನೆಹಾಕಿದಳು. ಅತ್ತೆ ಪಾತ್ರೆಯ ಮುಚ್ಚಳ ತೆಗೆದು ನೋಡಿದಳು.

"ಇದೇನಕ್ಕೆ?"

"ಮಿನೊರಿಗೆ, ಅತ್ತೆ."

"ಕಜುಮನ ಎದುರಿಗೆ ಕೆಂಪು ಅನ್ನ ಬಡಿಸ್ತೀಯಾ? ಗಾಯದ ಮೇಲೆ ಉಪ್ಪು ಸವರಿದ ಹಾಗೆ? ಫೆಬ್ರವರಿವರೆಗೂ ತಡಿ. ಅವನದ್ದೂ ಆಗ್ಲಿ, ಒಟ್ಟಿಗೆ ಮಾಡಿದ್ರಾಯ್ತು."

"ಆಗದಿದ್ರೆ?"

"ಬಾಯಿ ತೊಳ್ಕೋ! ಆಗದಿದ್ರೆ ಅಂತೆ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಮಸಾಯೊ ಆ ಕಾಳಿಗೆ ಸಕ್ಕರೆ ಹಾಕಿ ಸಿಹಿ ಗಂಜಿ ಮಾಡಿದಳು. ಸಂಜೆ ಮಿನೊರಿ ಒಂದು ಚಮಚ ಬಾಯಿಗಿಟ್ಟು, "ಇದು ನನ್ನ ಕಾಳಾ?" ಎಂದು ಕೇಳಿದಳು. ತಾಯಿ ಅವಳ ಬಟ್ಟಲಿಗೆ ಇನ್ನೊಂದು ಸೌಟು ಹಾಕಿದಳು. "ಎಷ್ಟು ದಿನ ಅಮ್ಮ ನನ್ನ ಖುಷೀನ ಮಡಿಸಿ ಬೀರುವಿನಲ್ಲಿ ಇಡ್ತೀಯ? ನುಸಿ ಹಿಡಿಯತ್ತೆ."

ಅತ್ತೆಗೆ ಇನ್ನೊಂದು ಸಿಟ್ಟು ಕಾದಿತ್ತು. ಹಿತ್ತಿಲ ಕೊಟ್ಟಿಗೆಯಲ್ಲಿ ಅವಳ ಮೂಲಂಗಿ ಉಪ್ಪಿನಕಾಯಿಯ ಪೀಪಾಯಿಗಳಿವೆ. ಅವುಗಳ ಮೇಲೆ ಹೇರುವ ಕಲ್ಲು ಎತ್ತಿ ಎತ್ತಿ ಹೋದ ವರ್ಷ ಅವಳ ಸೊಂಟ ಹಿಡಿದುಕೊಂಡಿತ್ತು. ಮಿನೊರಿ ಹಳೆಯ ಸೈಕಲ್ ಸರಪಳಿ, ಎರಡು ರಾಟೆ, ಒಂದು ಹಿಡಿಕೆ ಜೋಡಿಸಿ, ಒಂದು ಕೈಯಲ್ಲಿ ಎಳೆದರೆ ಕಲ್ಲು ಮೇಲೇಳುವ ಹಾಗೆ ಮಾಡಿಕೊಟ್ಟಿದ್ದಳು. ಸಂದರ್ಶನದಲ್ಲಿ ತೋರಿಸಿದ್ದು ಅದನ್ನೇ.

"ನನ್ನ ಸೊಂಟದ ಫೋಟೋನ ಪ್ರೊಫೆಸರುಗಳಿಗೆ ತೋರಿಸಿದ್ಯಂತೆ?"

"ಸೊಂಟ ಅಲ್ಲ ಅಜ್ಜಿ, ರಾಟೆ. ನೀನು ಪಕ್ಕದಲ್ಲಿ ನಿಂತಿದ್ದೆ."

"ಹೆಣ್ಣು ಹುಡುಗಿ ಆಟದ ಸಾಮಾನು ಮಾಡಿದ್ರೆ ಎಂಜಿನಿಯರ್ ಆಗ್ತಾಳಾ?"

"ಆಟದ ಸಾಮಾನಾ? ಹಾಗಾದ್ರೆ ಬಿಚ್ಚಿಬಿಡ್ಲಾ?"

ಅಜ್ಜಿ ಸೊಂಟಕ್ಕೆ ಕೈಯಿಟ್ಟುಕೊಂಡಳು. "ಇರ್ಲಿ ಬಿಡು. ಹಾಕಿದ್ದನ್ನ ಯಾಕೆ ಬಿಚ್ತೀಯ?"

ಹಿಮ ಬಿತ್ತು. ಡಿಸೆಂಬರ್ ಹೋಗಿ ಜನವರಿ ಬಂತು. ಪರೀಕ್ಷೆಗೆ ಕೂರುವವನಿರುವ ಮನೆಯಲ್ಲಿ ಬಿದ್ದ, ಜಾರಿದ ಎನ್ನುವ ಮಾತು ಆಡಬಾರದು. ಮನೆಯ ಮುಂದೆ ಮೊಣಕಾಲುದ್ದ ಹಿಮ, ಮೆಟ್ಟಿಲ ಮೇಲೆ ಗಾಜಿನಂಥ ಮಂಜುಗಡ್ಡೆ. ಒಂದು ದಿನ ತೊಮೆ ಅಜ್ಜಿಯೇ ಮೆಟ್ಟಿಲ ಮೇಲೆ ದಢಾರನೆ ಕೂತಳು. ಎಬ್ಬಿಸಲು ಓಡಿದ ಮಿನೊರಿ, "ಏನಾಯ್ತಜ್ಜಿ? ಕೆಳಗಡೆ ಹೋದ್ಯಾ?" ಎಂದಳು.

"ಹೂಂ ಕಣೆ, ಕೆಳಗಡೆ ಹೋದೆ," ಎಂದಳು ಅಜ್ಜಿ ನರಳುತ್ತಲೇ. ಅವತ್ತೊಂದು ದಿನ ಇಬ್ಬರೂ ಒಟ್ಟಿಗೆ ನಕ್ಕರು.

ಉಳಿದ ದಿನಗಳಲ್ಲಿ ಮಸಾಯೊ ಸಂಚಾರ ನಿಯಂತ್ರಿಸುವ ಪೊಲೀಸಿನವಳಂತಾದಳು. ಕಜುಮ ಸ್ನಾನಕ್ಕೆ ಇಳಿಯುವ ಮೊದಲು ಮಿನೊರಿಯನ್ನು ಅಂಗಡಿಗೆ ಕಳಿಸುವುದು, ಮಿನೊರಿ ಊಟಕ್ಕೆ ಬರುವ ಮೊದಲು ಕಜುಮನ ತಟ್ಟೆಯನ್ನು ಮೇಲಕ್ಕೆ ಒಯ್ಯುವುದು. ಬೆಳಿಗ್ಗೆ ಮೀನು ಕಡುಬಿನ ಅಂಗಡಿಯಲ್ಲಿ ನಿಂತು ದುಡಿದು ಬಂದವಳಿಗೆ ಸಂಜೆ ಈ ಕೆಲಸ. ಎರಡು ಸಲ ಬಡಿಸುವುದು, ಎರಡು ಸಲ ತೊಳೆಯುವುದು. ಗಂಡನಿಗೆ ಹೇಳಿದರೆ, "ಇನ್ನು ಸ್ವಲ್ಪ ದಿನ ಸಹಿಸ್ಕೋ" ಎಂದ. ಸಹಿಸಿಕೊಳ್ಳುವುದು ಅವನ ಪಾಲಿಗೆ ಬಂದಿರಲಿಲ್ಲ. ಅವನಿಗೆ ಒಂದೇ ಊಟ, ಅದೂ ಬಿಸಿ.

ಸೀಟು ಸಿಕ್ಕ ಮಕ್ಕಳಿಗೆ ಕೋದಾಯ್‌ನವರು ತರಗತಿ ಶುರುವಾಗುವ ಏಪ್ರಿಲ್‌ಗೆ ಮೊದಲೇ ಮಾಡಿ ಮುಗಿಸಬೇಕಾದ ಲೆಕ್ಕಗಳನ್ನು ಕಳಿಸಿದ್ದರು. ಒಂದು ಭಾನುವಾರ ಮಿನೊರಿ ಒಂದು ಲೆಕ್ಕದ ಮುಂದೆ ಬೆಳಗಿನಿಂದ ಕೂತು, ಕೊನೆಗೆ ಪೆನ್ಸಿಲ್ ಕಚ್ಚಿಕೊಂಡು ಮೆಟ್ಟಿಲು ಹತ್ತಿದಳು. ಮಸಾಯೊ ಬಟ್ಟೆ ಮಡಿಸುವುದನ್ನು ನಿಲ್ಲಿಸಿದಳು. ಮೇಲಿನ ಮಾತು ಕೆಳಗೆ ಕೇಳುತ್ತಿತ್ತು.

"ಅಣ್ಣ, ಇದೊಂದು ಹೇಳ್ಕೊಡ್ತೀಯಾ?"

ಸ್ವಲ್ಪ ಹೊತ್ತು ಹಾಳೆಯ ಸದ್ದು. ಆಮೇಲೆ ಕಜುಮ ನಕ್ಕ. ಒಳ್ಳೆಯ ನಗುವಲ್ಲ. "ಇದೂ ಬರಲ್ವಾ? ಇದನ್ನ ನಾನು ನಿದ್ದೆಗಣ್ಣಲ್ಲಿ ಮಾಡ್ತೀನಿ. ಇದೂ ಬರದೋಳಿಗೆ ಸೀಟು!"

"ಬರಲ್ಲ ಅಂತಾನೇ ಕೇಳೋಕೆ ಬಂದೆ."

"ನಿನ್ನ ಪ್ರೊಫೆಸರುಗಳನ್ನ ಕೇಳು. ರಾಟೆ ನೋಡಿ ಮರುಳಾದ್ರಲ್ಲ, ಅವರನ್ನ."

ಮಿನೊರಿ ಕೆಳಗೆ ಬಂದು ಕೋಟು ಹಾಕಿಕೊಂಡು ಗೆಳತಿಯ ಮನೆಗೆ ಹೋದಳು. ಮಸಾಯೊ ಮಗನ ಕೋಣೆಗೆ ಹೋದಳು. ಬೈಯಬೇಕೆಂದೇ ಹೋದದ್ದು. ಕಜುಮ ಕುರ್ಚಿಯಲ್ಲಿ ಕೂತು ಗೋಡೆ ನೋಡುತ್ತಿದ್ದ. ಕೋಣೆಯಲ್ಲಿ ಉಟ್ಟ ಬಟ್ಟೆಯ, ಮುಚ್ಚಿದ ಕಿಟಕಿಯ ವಾಸನೆ.

"ನೀನೇ ಹೇಳಮ್ಮ," ಎಂದ. "ಲೆಕ್ಕ ನನಗಿಂತ ಕಮ್ಮಿ ಬರೋಳು ನನಗಿಂತ ಮೊದ್ಲು ಒಳಗೆ ಹೋದ್ಲು. ಇದು ನ್ಯಾಯಾನಾ? ನ್ಯಾಯ ಅಂತ ಒಂದ್ಸಲ ಹೇಳು, ನಾನು ಸುಮ್ನಾಗ್ತೀನಿ."

ಮಸಾಯೊ ನಿಂತೇ ಇದ್ದಳು. ಮದುವೆಗೆ ಮೊದಲು ಅವಳು ಕಿಟಕಿ ಕಾರ್ಖಾನೆಯ ನಕ್ಷೆ ವಿಭಾಗದಲ್ಲಿ ಇದ್ದವಳು. ಗೆರೆ ಎಳೆಯಲು ಸೇರಿಸಿಕೊಂಡು ಚಹ ಹಂಚಲು ಇಟ್ಟುಕೊಂಡಿದ್ದರು. ಅದು ನ್ಯಾಯವೇ ಎಂದು ಆಗ ಯಾರನ್ನೂ ಕೇಳಿರಲಿಲ್ಲ. ಈಗ ಇವನಿಗೆ ಅದನ್ನು ಹೇಳಿದರೆ ಇವನ ನೋವು ಕಡಿಮೆಯಾಗುವುದಿಲ್ಲ. "ಕಿಟಕಿ ತೆಗಿ ಸ್ವಲ್ಪ," ಎಂದಷ್ಟೇ ಹೇಳಿ ಇಳಿದು ಬಂದಳು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ. ಉಗುಳುವಂತಿಲ್ಲ, ನುಂಗುವಂತಿಲ್ಲ.

ಫೆಬ್ರವರಿಯ ಆರಂಭದಲ್ಲಿ ಕಜುಮ ಪರೀಕ್ಷೆ ಬರೆದ. ಹಿಂದಿನ ಸಂಜೆ ಹೆಸರಿನಲ್ಲೇ ಗೆಲುವಿರುವ ಹಂದಿಮಾಂಸದ ಕತ್ಸು ಕರಿದದ್ದಾಯಿತು, ಅಜ್ಜಿ ದೇವರ ಗೂಡಿಗೆ ಅನ್ನ ಇಟ್ಟದ್ದಾಯಿತು, ಶೋಜಿ ರಜೆ ಹಾಕಿ ಕಾರಿನಲ್ಲಿ ಕರೆದುಕೊಂಡು ಹೋದದ್ದಾಯಿತು. ಫಲಿತಾಂಶದ ದಿನ ಕಜುಮ ಕೋಣೆಯಿಂದ ಹೊರಗೆ ಬರಲಿಲ್ಲ. ಮಧ್ಯಾಹ್ನವಾದರೂ ಬರದಿದ್ದಾಗ ಎಲ್ಲರಿಗೂ ತಿಳಿಯಿತು.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಟೀವಿ ಹಚ್ಚಿದರೂ ತಪ್ಪು, ಆರಿಸಿದರೂ ತಪ್ಪು. ಒಂದು ಬೆಳಿಗ್ಗೆ ಮಿನೊರಿ ಶಾಲೆಗೆ ಹೋದ ಮೇಲೆ ತೊಮೆ ಅಜ್ಜಿ ಚಹ ಕುಡಿಯುತ್ತ ಮಗನಿಗೆ ಹೇಳಿದಳು.

"ಸೀಟು ಮನೆಗೆ ಬಂದಿದೆ. ಮನೆಯೊಳಗೇ ಬದಲಾಯಿಸ್ಕೊಂಡ್ರೆ ಯಾರಿಗೇನು ನಷ್ಟ? ಅವಳು ಅಡುಗೆ ಶಾಸ್ತ್ರದ ಕಾಲೇಜಿಗೆ ಹೋಗ್ಲಿ."

"ಅದು ರೈಲಿನ ಸೀಟಲ್ಲ ಅತ್ತೆ, ಎದ್ದು ಅಣ್ಣನಿಗೆ ಬಿಡೋಕೆ," ಎಂದಳು ಮಸಾಯೊ.

"ನಿನ್ನ ಯಾರು ಕೇಳಿದ್ರು? ಶೋಜಿ, ನೀನು ಅಲ್ಲೇ ಓದಿದವನಲ್ವಾ? ನಿನ್ನ ಮಾತು ಕೇಳಲ್ವಾ?"

ಶೋಜಿ ಚಹ ಮುಗಿಸಿ ಎದ್ದ. ಆ ದಿನ ಛಾವಣಿಯ ಹಿಮ ಇಳಿಸಲು ರಜೆ ಹಾಕಿದ್ದ. ಸ್ವಲ್ಪ ಹೊತ್ತಿನ ಮೇಲೆ ಮಸಾಯೊ ಬಚ್ಚಲಿನ ಪಕ್ಕ ಬಟ್ಟೆ ಒಗೆಯುವ ಯಂತ್ರದಿಂದ ಬಟ್ಟೆ ತೆಗೆಯುತ್ತಿದ್ದಾಗ, ಹೊರಬಾಗಿಲ ಬಳಿ ಗಂಡ ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಕಾರ್ಖಾನೆಯ ದೊಡ್ಡವರೊಡನೆ ಮಾತಾಡುವಾಗಿನ ದನಿ. "ನಾನೂ ಅಲ್ಲೇ ಕಲಿತವನು... ಹೌದು... ಮಗಳು ಹಿಂದೆ ಸರಿದ್ರೆ, ಆ ಸ್ಥಾನವನ್ನ ಅದೇ ಮನೆಯ... ಇಲ್ಲವಾ? ಹಾಗೆ ಪದ್ಧತಿಯೇ ಇಲ್ಲ... ಕ್ಷಮಿಸಿ, ತೊಂದರೆ ಕೊಟ್ಟೆ." ಫೋನು ಇಟ್ಟ ಮೇಲೂ ಅವನು ಗೋಡೆಗೆ ಎರಡು ಸಲ ತಲೆಬಾಗಿಸಿದ.

ಮಸಾಯೊ ಒದ್ದೆ ಬಟ್ಟೆ ಹಿಡಿದು ಹೊರಗೆ ಬಂದಳು. "ಏನ್ರೀ ಇದು?"

"ಸುಮ್ನೆ ಕೇಳ್ದೆ."

"ಅವಳನ್ನ ಕೇಳಿದ್ರಾ?"

"ಆಗಲ್ಲ ಅಂದ್ರಲ್ಲ, ಮುಗೀತು. ಅವಳ ಕಿವಿಗೆ ಹಾಕ್ಬೇಡ. ಇರೋ ರಂಪ ಸಾಕು."

ಕಿವಿಗೆ ಹಾಕಲಿಲ್ಲ. ಸಂಜೆ ಮಗಳು ಬಂದು, ಕೋದಾಯ್‌ನ ಕಾರ್ಯಾಗಾರದಲ್ಲಿ ಲೇತ್ ಯಂತ್ರ ಎಷ್ಟು ದೊಡ್ಡದಿದೆ, ಹೊಸಬರಿಗೆ ಹೇಗೆ ಮುಟ್ಟಲು ಬಿಡುತ್ತಾರೆ ಎಂದು ಪಿಸುದನಿಯಲ್ಲಿ ಹೇಳುತ್ತಿದ್ದರೆ ಮಸಾಯೊ ಅಕ್ಕಿ ತೊಳೆಯುತ್ತಲೇ ಇದ್ದಳು. ನೀರು ತಿಳಿಯಾದ ಮೇಲೂ ತೊಳೆಯುತ್ತಿದ್ದಳು.

ಮಾರ್ಚ್ ಮೊದಲಲ್ಲಿ ಮಿನೊರಿಯ ಶಾಲೆ ಮುಗಿಯಿತು. ಬೀಳ್ಕೊಡುಗೆಗೆ ತಾಯಿಯೊಬ್ಬಳೇ ಹೋದಳು. ಕಜುಮ ಅಷ್ಟರಲ್ಲಿ ಕೋಚಿಂಗ್ ಬಿಟ್ಟು, ಪೆಟ್ರೋಲ್ ಬಂಕಿನಲ್ಲಿ ಕಾರಿನ ಗಾಜು ಒರೆಸುವ ಕೆಲಸಕ್ಕೆ ಸೇರಿದ್ದ. ಶೋಜಿಗೆ ಅದು ಅವಮಾನ. "ಇನ್ನೊಂದು ವರ್ಷ ಓದು" ಎಂದ. "ನಾಲ್ಕನೇ ಸಲ ನೀವು ಬರೀರಿ," ಎಂದ ಕಜುಮ.

ಆ ತಿಂಗಳ ನಡುವೆ ಒಂದು ಮಧ್ಯಾಹ್ನ ಮನೆಯ ಫೋನು ಹೊಡೆದುಕೊಂಡಿತು. ಮಸಾಯೊ ಎತ್ತಿದಳು. ಕೋದಾಯ್‌ನ ಪ್ರವೇಶ ವಿಭಾಗ. ಮೆಕ್ಯಾನಿಕಲ್‌ನಲ್ಲಿ ಸೀಟು ಪಡೆದ ಕೆಲವರು ಬೇರೆಡೆಗೆ ಹೋಗಿದ್ದಾರೆ, ಕಾಯುವವರ ಸಾಲಿನಲ್ಲಿ ಕಜುಮ ಮುರೊಯ್ ಇದ್ದಾರೆ, ಬರುವುದಾದರೆ ನಾಳೆಯೊಳಗೆ ಹೇಳಬೇಕು.

ಮಸಾಯೊ ಏಪ್ರನ್ ಬಿಚ್ಚದೆ ಸೈಕಲ್ ಹತ್ತಿ ಬಂಕಿಗೆ ಹೋದಳು. ಕಜುಮ ಒಂದು ಲಾರಿಯ ಗಾಜು ಒರೆಸುತ್ತಿದ್ದ. ಸುದ್ದಿ ಕೇಳಿ ಬಟ್ಟೆ ಹಿಂಡಿದ, ಮತ್ತೆ ಹಿಂಡಿದ.

"ಯಾರೋ ಬೇಡ ಅಂತ ಬಿಟ್ಟಿದ್ದು."

"ಹೋಗ್ತೀಯೋ ಇಲ್ವೋ?"

"ಹೋಗ್ತೀನಿ," ಎಂದ. ಕಣ್ಣು ಒದ್ದೆಯಾಗಿತ್ತು. "ಹೋಗದೆ ಇನ್ನೇನು."

ಆ ಭಾನುವಾರ ಮನೆಯಲ್ಲಿ ಹಬ್ಬ. ಅಜ್ಜಿ ಬೆಳಿಗ್ಗೆಯೇ ಬೀದಿಯ ಎರಡೂ ತುದಿಗೆ ಹೋಗಿ ಸುದ್ದಿ ಮುಟ್ಟಿಸಿ ಬಂದಳು. ಕಾಯುವವರ ಸಾಲು ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಶುಭಕ್ಕೆಂದು ತರುವ ‘ತಾಯ್’ ಎಂಬ ಮೀನು ಇಡಿಯಾಗಿ ಸುಟ್ಟದ್ದು, ಅಂಗಡಿಯಿಂದ ತರಿಸಿದ ಸುಶಿ, ಕೆಂಪುಕಾಳಿನ ಅನ್ನ. ಪಕ್ಕದ ಊರಿಂದ ಶೋಜಿಯ ತಮ್ಮ ಯುಕಿಯೊ ಹೆಂಡತಿಯ ಜೊತೆ ಬಂದ. ಅಡುಗೆಮನೆಯಿಂದ ಊಟದ ಕೋಣೆಗೆ ತಟ್ಟೆ ಸಾಗಿಸಿದವಳು ಮಿನೊರಿ. ಕೆಂಪು ಅನ್ನದ ಪಾತ್ರೆ ಎತ್ತುವಾಗ ಅವಳು ತಾಯಿಯ ಮುಖ ನೋಡಿದಳು, ಏನೂ ಹೇಳಲಿಲ್ಲ. ಹೇಳಿದ್ದರೆ ಮಸಾಯೊಗೆ ಹಗುರವಾಗುತ್ತಿತ್ತು.

"ಶ್ರಮದ ಫಲ!" ಎಂದು ಶೋಜಿ ಮಗನ ಲೋಟಕ್ಕೆ ಬಿಯರ್ ಸುರಿದ. "ಬಿಡದೆ ಹಿಡಿದದ್ದಕ್ಕೆ ಸಿಕ್ತು."

"ಒಂದೇ ಮನೆಗೆ ಎರಡು ಸೀಟು! ಅಣ್ಣ ತಂಗಿ ಒಂದೇ ಕ್ಲಾಸು!" ಎಂದ ಯುಕಿಯೊ.

"ಕ್ಲಾಸಿನಲ್ಲಿ ತಂಗಿ ಅಂತ ಹೇಳ್ಕೋಬೇಡ ಅಂದಿದೀನಿ ಅವಳಿಗೆ," ಎಂದಳು ಅಜ್ಜಿ. "ಅಣ್ಣನಿಗೆ ಮುಜುಗರ ಆಗತ್ತೆ."

ಶೋಜಿಗೆ ‘ಸಾಕೆ’, ಅಕ್ಕಿಯ ಮದ್ಯ, ತಲೆಗೇರಿತ್ತು. "ನಾನೂ ಕೈಕಟ್ಟಿ ಕೂತಿರಲಿಲ್ಲ ಕಣೋ. ಫೆಬ್ರವರೀಲೇ ಒಂದು ಫೋನ್ ಹಾಕಿದ್ದೆ. ಹಳೇ ವಿದ್ಯಾರ್ಥಿ ಅಂದ್ರೆ ಅಷ್ಟಾದ್ರೂ ಬೆಲೆ ಇರತ್ತೆ."

"ಹೌದಾ? ಏನಂತ ಕೇಳಿದ್ರಿ?" ಎಂದ ಯುಕಿಯೊ.

ಶೋಜಿ ತಡವರಿಸಿದ. ಅಜ್ಜಿ ಮೀನಿನ ಕೆನ್ನೆ ಬಿಡಿಸುತ್ತ ಮಾತು ಮುಗಿಸಿದಳು. "ಮಿನೊರಿ ಬಿಟ್ಕೊಟ್ರೆ ಅಣ್ಣನಿಗೆ ಕೊಡ್ತೀರಾ ಅಂತ. ಕೇಳೋದ್ರಲ್ಲೇನು ತಪ್ಪು?"

ಮಿನೊರಿ ಸಾರಿನ ಬಟ್ಟಲುಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ನನ್ನ ಸೀಟನ್ನ ನನ್ನ ಕೇಳದೆ ಬೇರೆಯವರಿಗೆ ಕೊಡೋಕೆ ಹೋಗಿದ್ರಾ ಅಪ್ಪ?"

"ಬರೀ ವಿಚಾರಿಸ್ದೆ. ಬೇರೆಯವನಾ ಅವನು? ನಿನ್ನ ಅಣ್ಣ."

"ಅಮ್ಮ," ಎಂದು ಮಿನೊರಿ ತಿರುಗಿದಳು. "ನಿನಗೆ ಗೊತ್ತಿತ್ತಾ?"

ಮಸಾಯೊಗೆ ಸುಳ್ಳು ಹೇಳಲು ಒಂದು ಕ್ಷಣ ಸಿಕ್ಕಿತು. ಬೇಕೆಂದರೆ ಗಂಡನೂ ಅದನ್ನು ಎತ್ತಿಹಿಡಿಯುತ್ತಿದ್ದ.

"ಗೊತ್ತಿತ್ತು," ಎಂದಳು.

ಮಿನೊರಿ ತಟ್ಟೆಯನ್ನು ಸದ್ದಾಗದಂತೆ ನೆಲಕ್ಕಿಟ್ಟಳು. "ಸಾರು ಆರತ್ತೆ. ಬಡಿಸ್ಕೊಳ್ಳಿ," ಎಂದು ಮೇಲೆ ಹೋದಳು.

ಮೊದಲು ಮಾತಾಡಿದವನು ಕಜುಮ. "ನಿಮ್ಮನ್ನ ಯಾರು ಕೇಳೋಕೆ ಹೇಳಿದ್ರು?"

"ನಿನಗೋಸ್ಕರಾನೇ ಕಣೋ..."

"ನನಗೋಸ್ಕರ! ಯಾರೋ ಎಸೆದು ಹೋದ ಸೀಟಿಗೆ ಹೋಗ್ತಿರೋನು ನಾನು. ಶ್ರಮದ ಫಲ ಅಂತೆ. ಸಾಲಿನಲ್ಲಿ ನಿಂತಿದ್ದೆ, ಮುಂದಿನವರು ಎದ್ದು ಹೋದ್ರು, ಅಷ್ಟೆ. ಅದೂ ಸಾಲ್ದು ಅಂತ ತಂಗೀದು ಕಿತ್ಕೊಂಡು ಕೊಡೋಕೆ ಹೋಗಿದ್ರಾ?" ಲೋಟ ದೂರ ತಳ್ಳಿದ. ಬಿಯರ್ ಚೆಲ್ಲಿ ಕಂಬಳಿ ನೆನೆಯಿತು. ಯುಕಿಯೊನ ಹೆಂಡತಿ ಬಟ್ಟೆ ಹುಡುಕಲು ಎದ್ದಳು. ಹಬ್ಬ ಅಲ್ಲಿಗೆ ಮುಗಿಯಿತು.

ಮುಂದಿನ ದಿನಗಳಲ್ಲಿ ಮಿನೊರಿ ತಾಯಿಯೊಡನೆ ಬೇಕಾದಷ್ಟೇ ಮಾತಾಡಿದಳು. ಉಪ್ಪು ಕೊಡು. ಸ್ನಾನ ಆಯ್ತು. ಅಪ್ಪನೊಡನೆ ಅದೂ ಇಲ್ಲ. ವಾರದ ಕೊನೆಗೆ, ಎಲ್ಲರೂ ಊಟಕ್ಕಿದ್ದಾಗ, "ನಾನು ಕೋದಾಯ್ ಹಾಸ್ಟೆಲಿಗೆ ಹೋಗ್ತೀನಿ," ಎಂದಳು.

"ಮನೆ ಎದುರಿಗೇ ಬಸ್ಸು ಬರತ್ತೆ," ಎಂದ ಶೋಜಿ. "ಹೊರಗಡೆ ಬಾಡಿಗೆ ಕೋಣೆ ಕಜುಮನಿಗೆ ಅಂತ ಆಗ್ಲೇ ಮಾತಾಡಿದೀನಿ. ಇಬ್ಬರನ್ನ ಇಡೋಕಾಗಲ್ಲ."

"ಹೆಣ್ಣು ಹುಡುಗಿ ಮನೇಲಿದ್ರೆ ಅಮ್ಮನಿಗೂ ಕೈಗೊದಗ್ತಾಳೆ," ಎಂದಳು ಅಜ್ಜಿ.

ಮಸಾಯೊ ಅನ್ನದ ಸೌಟು ಕೆಳಗಿಟ್ಟಳು. "ಅವಳು ಹೋಗ್ಲಿ. ಕಜುಮ ಬಸ್ಸಿನಲ್ಲಿ ಓಡಾಡ್ಲಿ."

"ಏನಂತೀಯ ನೀನು?" ಶೋಜಿ ಬೆರಗಾದ. "ಗಂಡು ಹುಡುಗ ಹೊರಗಿದ್ದು, ತನ್ನ ಕಾಲ ಮೇಲೆ ನಿಲ್ಲೋದು ಕಲೀಬೇಕು."

"ಅವಳಿಗೆ ಕಾಲಿಲ್ವಾ?"

"ಮಸಾಯೊ, ಗಂಡನಿಗೆ ಎದುರು ಮಾತಾಡ್ಬೇಡ," ಎಂದಳು ಅತ್ತೆ.

"ಇಷ್ಟು ದಿನ ಆಡ್ಲಿಲ್ಲ ಅತ್ತೆ. ಅದಕ್ಕೇ ಹೀಗಾಯ್ತು. ಡಿಸೆಂಬರಿಂದ ಆ ಹುಡುಗಿ ಈ ಮನೇಲಿ ಪಿಸುಗುಟ್ಕೊಂಡು ಬದುಕಿದಾಳೆ. ಮೆಲ್ಲಗೆ ಮಾತಾಡು, ಮೆಲ್ಲಗೆ ನಗು, ಅಣ್ಣನಿಗೆ ಕೇಳಿಸೀತು, ಅಜ್ಜಿಗೆ ಬೇಜಾರಾದೀತು. ಹಾಗೆ ಹೇಳಿದವಳು ನಾನೇ. ಇನ್ನು ಹೇಳಲ್ಲ. ಇಲ್ಲಿ ಗಟ್ಟಿಯಾಗಿ ನಗೋಕೆ ಜಾಗ ಇಲ್ಲ ಅಂದ್ರೆ ಇರೋ ಕಡೆ ಹೋಗ್ಲಿ. ಹಾಸ್ಟೆಲಿನ ಬಾಡಿಗೆ ನನ್ನ ಅಂಗಡಿ ಸಂಬಳದಲ್ಲಿ ಕಟ್ತೀನಿ."

"ಕಜುಮ, ನೀನು ಹೇಳೋ," ಎಂದ ಶೋಜಿ, ಮಗ ತನ್ನ ಕಡೆ ನಿಲ್ಲುತ್ತಾನೆಂದು.

ಕಜುಮ ತಲೆ ಎತ್ತಲಿಲ್ಲ. "ನಾನು ಬಸ್ಸಲ್ಲಿ ಹೋಗ್ತೀನಿ."

ಏಪ್ರಿಲ್ ಮೊದಲ ಭಾನುವಾರ ತಾಯಿ ಮಗಳು ಹಾಸಿಗೆಯ ಗಂಟು ಮತ್ತು ಎರಡು ಪೆಟ್ಟಿಗೆ ಹೊತ್ತು ಬಸ್ಸಿನಲ್ಲಿ ಹೋದರು. ಶೋಜಿ ಕಾರು ತೆಗೆಯುತ್ತೇನೆ ಎನ್ನಲಿಲ್ಲ, ಅವರೂ ಕೇಳಲಿಲ್ಲ. ಹಾಸ್ಟೆಲಿನ ಕೋಣೆ ಕಿರಿದು. ಕಿಟಕಿ ತೆರೆದರೆ ಎದುರಿಗೆ ಕಾರ್ಯಾಗಾರದ ತಗಡಿನ ಛಾವಣಿ. ಮಿನೊರಿ ಅದನ್ನು ನೋಡುತ್ತ ಬಹಳ ಹೊತ್ತು ನಿಂತಳು. ಮಸಾಯೊ ಪರದೆ ಕಟ್ಟಿ, ಕಪಾಟಿನ ಧೂಳು ಒರೆಸಿ, ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ಸಾಕಮ್ಮ. ಊಟ ಮಾಡೋಣ ಬಾ."

ಕೋದಾಯ್ ಕ್ಯಾಂಟೀನಿನಲ್ಲಿ ಹುಡುಗರೇ ತುಂಬಿದ್ದರು. ಇಬ್ಬರೂ ಉದೋನ್ ಶಾವಿಗೆಯ ಬಟ್ಟಲು ಹಿಡಿದು ಒಂದು ಮೂಲೆಯಲ್ಲಿ ಕೂತರು. ಶಾವಿಗೆ ಅಷ್ಟೇನೂ ಚೆನ್ನಾಗಿರಲಿಲ್ಲ. ಆದರೆ ಯಾರೋ ಬೇಯಿಸಿದ್ದು, ಯಾರೋ ತೊಳೆಯುವುದು.

"ಅವತ್ತು ಯಾಕೆ ಹೇಳ್ಲಿಲ್ಲ ನನಗೆ?" ಎಂದು ಕೇಳಿದಳು ಮಿನೊರಿ.

"ಮನೇಲಿ ಜಗಳ ಬೇಡ ಅಂತ."

"ಜಗಳ ತಪ್ಪಿತಾ?"

"ಇಲ್ಲ."

"ಮತ್ತೆ?"

ಮಸಾಯೊ ಬಟ್ಟಲು ನೋಡಿದಳು. "ಮತ್ತೇನೂ ಇಲ್ಲ. ತಪ್ಪಾಯ್ತು."

ಮಿನೊರಿ ಸರಿ ಎನ್ನಲಿಲ್ಲ, ಪರವಾಗಿಲ್ಲ ಎನ್ನಲೂ ಇಲ್ಲ. ಶಾವಿಗೆ ಮುಗಿಸಿ, ಸಾರು ಕುಡಿದು, ಬಸ್ಸಿನವರೆಗೂ ಜೊತೆಗೆ ಬಂದಳು. ಬಸ್ಸು ಬಂದಾಗ ಹೇಳಿದಳು. "ಮುಂದಿನ ತಿಂಗಳು ಒಂದು ದಿನ ಬಾ. ಒಬ್ಬಳೇ ಬಾ."

ಮಸಾಯೊ ಮನೆ ಸೇರಿದಾಗ ಸಂಜೆ ಊಟದ ಹೊತ್ತು. ಮೂವರೂ ಮೇಜಿನ ಸುತ್ತ ಕೂತಿದ್ದರು. ಮೇಜಿನ ಮೇಲೆ ಚಹದ ಲೋಟಗಳ ಹೊರತು ಏನೂ ಇರಲಿಲ್ಲ. ಅಡುಗೆಮನೆಯ ದೀಪ ಹಚ್ಚಿರಲಿಲ್ಲ.

"ಇಷ್ಟು ಹೊತ್ತಾ?" ಎಂದಳು ಅತ್ತೆ. "ಹಸಿವು ಅಂದ್ರೆ ಹಸಿವು."

"ಏನು ಮಾಡ್ತೀಯ ಊಟಕ್ಕೆ?" ಎಂದ ಶೋಜಿ.

ಮಸಾಯೊ ಕೋಟು ಬಿಚ್ಚಿ ಗೂಟಕ್ಕೆ ಹಾಕಿದಳು. ಏಪ್ರನ್ ಪಕ್ಕದ ಗೂಟದಲ್ಲಿತ್ತು. ಅದನ್ನು ಮುಟ್ಟದೆ ಬಂದು, ತನ್ನ ಜಾಗದಲ್ಲಿ ಕೂತು, ಕಾಲುಗಳನ್ನು ಕಂಬಳಿಯೊಳಗೆ ಚಾಚಿದಳು.

"ನಾನು ಉಂಡು ಬಂದೆ," ಎಂದಳು.

ಶೋಜಿ ತಾಯಿಯ ಮುಖ ನೋಡಿದ. ತಾಯಿ ಮಗನ ಮುಖ ನೋಡಿದಳು. ಕೊನೆಗೆ ಕಜುಮ ಎದ್ದ. ಅಡುಗೆಮನೆಯ ದೀಪ ಹಚ್ಚಿದ್ದು, ಡಬ್ಬಗಳ ಮುಚ್ಚಳ ಒಂದೊಂದಾಗಿ ತೆಗೆದು ಮುಚ್ಚಿದ್ದು ಕೇಳಿಸಿತು. ಆಮೇಲೆ ಬಾಗಿಲಲ್ಲಿ ಅವನ ತಲೆ ಕಾಣಿಸಿತು.

"ಅಮ್ಮ, ಅಕ್ಕಿ ಎಷ್ಟು ಹಾಕ್ಲಿ?"

"ಮೂರು ಜನಕ್ಕೆ ಹಾಕು," ಎಂದಳು ಮಸಾಯೊ. ಎದ್ದು ಹೋಗಿ ತೋರಿಸಲಿಲ್ಲ.